ಅಮೆರಿಕದ ಕೋರ್ಟಿನಲ್ಲಿ ‘ಗಿಲ್ಟಿ’ ಎನ್ನುವ ಮುನ್ನ

ಅಂಗಡಿಯಿಂದ ಬಿಲ್ ಮಾಡಿಸದೆ ಸಾಮಾನು ತಂದ ಆರೋಪ, ಕುಡಿದು ಕಾರು ಓಡಿಸಿದ ಕೇಸು, ಗಂಡ-ಹೆಂಡಿರ ಜಗಳ ಕೇಳಿ ಪಕ್ಕದ ಮನೆಯವರು ಪೊಲೀಸರ ತುರ್ತು ಸಂಖ್ಯೆ 911ಕ್ಕೆ ಮಾಡಿದ ಫೋನು. ಯಾವ ಕಾರಣಕ್ಕೇ ಅಮೆರಿಕದಲ್ಲಿ ಕ್ರಿಮಿನಲ್ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿ ಬರಲಿ, ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿರುವವರು ಇಮಿಗ್ರೇಷನ್ (ವಲಸೆ) ಕಾನೂನು ಬಲ್ಲ ವಕೀಲರನ್ನು ಕೇಳದೆ ದಯವಿಟ್ಟು ತಪ್ಪೊಪ್ಪಿಕೊಳ್ಳಬೇಡಿ. ಒಪ್ಪಿಕೊಂಡರೆ ಗಡೀಪಾರೂ ಆಗಬಹುದು.

ಅರೈನ್‌ಮೆಂಟ್ ದಿನ ಆರೋಪ ತಿಳಿಸಿ, ನೀವೇನು ಹೇಳುತ್ತೀರಿ ಎಂದು ಕೇಳುತ್ತಾರೆ. ಆಗ ‘ನಾಟ್ ಗಿಲ್ಟಿ’ ಎಂದರೆ ಸುಳ್ಳು ಹೇಳಿದಂತಲ್ಲ. ಆರೋಪವನ್ನು ಸರ್ಕಾರವೇ ಸಾಬೀತು ಮಾಡಲಿ ಎಂದಂತೆ, ಅಷ್ಟೇ. ಮುಂದೆ ನಿಲುವು ಬದಲಿಸಲು ಅವಕಾಶವಿದೆ. ಗಿಲ್ಟಿ ಎಂದು ಶಿಕ್ಷೆಯೂ ಆದಮೇಲೆ ಆ ಮಾತನ್ನು ಹಿಂದಕ್ಕೆ ಪಡೆಯುವುದು ಮಾತ್ರ ಬಹಳ ಕಷ್ಟ.

ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡವಾದ ಜ್ಯೂರಿಯ ಮುಂದೆ ಹೋಗುವ ಕೇಸುಗಳು ಕಡಿಮೆ. ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟುಗಳಲ್ಲಿ ದೋಷಿಗಳಾದವರಲ್ಲಿ ನೂರಕ್ಕೆ 97 ಮಂದಿ ತಪ್ಪೊಪ್ಪಿಕೊಂಡವರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಬರೆಯಿತು. ಒಪ್ಪಿಕೊಂಡರೆ ಆರೋಪ ತಗ್ಗಿಸುತ್ತೇವೆ ಎಂದು ಪ್ರಾಸಿಕ್ಯೂಟರ್ ಮುಂದಿಡುವುದೇ ಪ್ಲೀ ಬಾರ್ಗೇನ್. ಒಪ್ಪಿಕೊಳ್ಳುವ ದಿನ ಜಡ್ಜ್ ಒಂದೊಂದಾಗಿ ಕೇಳುತ್ತಾರೆ: ಜ್ಯೂರಿ ವಿಚಾರಣೆಯ ಹಕ್ಕು ಬಿಟ್ಟುಕೊಡುತ್ತಿದ್ದೀರೆಂದು ಗೊತ್ತೇ? ಯಾರಾದರೂ ಹೆದರಿಸಿದರೇ? ಅರ್ಥವಾಗದ ಪ್ರಶ್ನೆಗೆ ಸಂಕೋಚದಿಂದ ‘ಯೆಸ್’ ಅನ್ನಬೇಡಿ. ದುಭಾಷಿ ಬೇಕಿದ್ದರೆ ಮೊದಲೇ ಕೇಳಿ.

ಅಪಾಯ ಇರುವುದು ‘ಹಗುರ’ ಎನಿಸುವ ಒಪ್ಪಂದಗಳಲ್ಲಿ. ತಪ್ಪೊಪ್ಪಿಕೊಂಡು ಪ್ರೊಬೇಷನ್ (ಜೈಲಿನ ಬದಲು ನಿಗಾದಲ್ಲಿರುವ ಅವಧಿ) ಮುಗಿಸಿದರೆ ಕೇಸು ವಜಾ ಎಂದು ಕೋರ್ಟ್ ಹೇಳಬಹುದು. 1996ರ ಇಮಿಗ್ರೇಷನ್ ಕಾನೂನಿನ ಪ್ರಕಾರ ಅದು ಆಮೇಲೂ ಅಪರಾಧವಾಗಿಯೇ ಉಳಿಯುತ್ತದೆ. ತಪ್ಪೊಪ್ಪಿಕೊಳ್ಳದೆ, ಆರೋಪವನ್ನು ಎದುರಿಸುವುದೂ ಇಲ್ಲವೆನ್ನುವ ‘ನೋ ಕಾಂಟೆಸ್ಟ್’ ಎಂದರೂ ಅಷ್ಟೇ. ಕಳ್ಳತನಕ್ಕೆ ಒಂದು ವರ್ಷ ಸಜೆ ಬರೆದರೆ, ಅದನ್ನು ಅಮಾನತಿನಲ್ಲಿಟ್ಟು ಮನೆಗೆ ಕಳಿಸಿದರೂ, ಗ್ರೀನ್ ಕಾರ್ಡ್ ಇರುವವರನ್ನೂ ಗಡೀಪಾರು ಮಾಡಬಹುದು. ಇದನ್ನು ತಪ್ಪಿಸಲೆಂದೇ ಕ್ಯಾಲಿಫೋರ್ನಿಯಾ 2015ರಲ್ಲಿ, ನ್ಯೂಯಾರ್ಕ್ 2019ರಲ್ಲಿ ಸಣ್ಣ ಅಪರಾಧಗಳ ಗರಿಷ್ಠ ಸಜೆಯನ್ನು 364 ದಿನಕ್ಕೆ ಇಳಿಸಿದವು. ಒಂದೇ ಒಂದು ದಿನ ಇಡೀ ಸಂಸಾರವನ್ನು ಉಳಿಸಬಲ್ಲದು.

ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿದ್ದು, ನಲವತ್ತು ವರ್ಷ ಅಮೆರಿಕದಲ್ಲೇ ಬದುಕಿದ್ದ ಹೊಂಡುರಾಸ್ ಮೂಲದ ಹೋಸೆ ಪಡಿಯಾ, ಇಮಿಗ್ರೇಷನ್ ಚಿಂತೆ ಬೇಡವೆಂದ ವಕೀಲರ ಮಾತು ನಂಬಿ ಗಾಂಜಾ ಸಾಗಣೆ ಕೇಸಿನಲ್ಲಿ ತಪ್ಪೊಪ್ಪಿಕೊಂಡರು. ಗಡೀಪಾರಿನ ಕತ್ತಿ ತಲೆಯ ಮೇಲೆ ಬಂತು. ಗಡೀಪಾರಾಗುವ ಸಂಭವವನ್ನು ಕಕ್ಷಿದಾರರಿಗೆ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ಅವರ ಕೇಸಿನಲ್ಲೇ. ಕೋರ್ಟ್ ಕೊಡುವ ಸರ್ಕಾರಿ ವಕೀಲರಾದ, ಆರೋಪಿಯ ಪರ ವಾದಿಸುವ ಪಬ್ಲಿಕ್ ಡಿಫೆಂಡರ್‌ಗೂ ಇದು ಅನ್ವಯ. ಕೇಳಲು ಹಿಂಜರಿಯಬೇಡಿ.

ವಿಚಾರಣೆಗೇ ಹೋದರೆ, ದೋಷಿ ಎನ್ನಲು ಜ್ಯೂರಿಯ ಎಲ್ಲರೂ ಒಪ್ಪಬೇಕು. ಶಿಕ್ಷೆ ಸಾಮಾನ್ಯವಾಗಿ ಬೇರೊಂದು ದಿನ. ಗಂಭೀರ ಕೇಸುಗಳಲ್ಲಿ ಅದಕ್ಕೆ ಮೊದಲು ಪ್ರೊಬೇಷನ್ ಅಧಿಕಾರಿ ನಿಮ್ಮ ಕುಟುಂಬ, ಕೆಲಸದ ಬಗ್ಗೆ ವರದಿ ಬರೆಯುತ್ತಾರೆ. ಅವರ ಭೇಟಿಗೆ ವಕೀಲರ ಜೊತೆ ಹೋಗಿ. ಫೆಡರಲ್ ಕೋರ್ಟಿನಲ್ಲಿ ಮೇಲ್ಮನವಿಗೆ ಇರುವುದು 14 ದಿನ. ಎಷ್ಟೋ ಪ್ಲೀ ಒಪ್ಪಂದಗಳಲ್ಲಿ ಆ ಹಕ್ಕನ್ನೂ ಬಿಟ್ಟುಕೊಡುವ ಸಾಲು ಇರುತ್ತದೆ. ಸಹಿಗೆ ಮುನ್ನ ಅದನ್ನು ಹುಡುಕಿ ಓದಿ.