ಅಂಬಾಸಿಡರ್ ಎಂಜಿನ್ ಕಟ್ಟುವಾಗ ಥ್ರಸ್ಟ್ ವಾಷರ್ ಕಾಣದಿದ್ದರೆ

ಹಳೆಯ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಬಿಚ್ಚುವವರು ಪಿಸ್ಟನ್ನು, ವಾಲ್ವುಗಳನ್ನು ಜೋಪಾನವಾಗಿ ಎತ್ತಿಡುತ್ತಾರೆ. ಕಳೆದುಹೋಗುವುದು ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ವಾಷರ್. ಎಂಜಿನ್ನಿನ ಈ ತಿರುಗುವ ದಂಡ ಮುಂದೆ ಹಿಂದೆ ಹೆಚ್ಚು ಜರುಗದಂತೆ ತಡೆಯುವ, ಅರ್ಧಚಂದ್ರದ ಆಕಾರದ ನಾಲ್ಕು ತೆಳು ತುಂಡುಗಳು ಇವು. ಈ ಎಂಜಿನ್ನಿಗೆ ಕ್ರ್ಯಾಂಕನ್ನು ಹೊರುವ ಮೇನ್ ಬೇರಿಂಗ್ ಮೂರು. ನಡುವಿನ ಬೇರಿಂಗಿನ ಮುಂದೆ ಎರಡು, ಹಿಂದೆ ಎರಡು ತುಂಡು ಕೂರುತ್ತವೆ. ಕ್ಯಾಪಿನಲ್ಲಿ, ಅಂದರೆ ಬೇರಿಂಗನ್ನು ಬ್ಲಾಕಿಗೆ ಬಿಗಿಯುವ ಮುಚ್ಚಳದಲ್ಲಿ, ಕೂರುವ ಎರಡಕ್ಕೆ ಸಣ್ಣ ಕಿವಿ ಇರುತ್ತದೆ, ಬ್ಲಾಕಿನ ಕಡೆಯವಕ್ಕೆ ಇರುವುದಿಲ್ಲ.

ವಾಷರ್ ಇಲ್ಲದೆಯೂ ಎಂಜಿನ್ ಸ್ಟಾರ್ಟ್ ಆಗುತ್ತದೆ, ಮೋಸ ಹೋಗುವುದು ಇಲ್ಲೇ. ಕ್ಲಚ್ ತುಳಿದಾಗಲೆಲ್ಲ ಕ್ರ್ಯಾಂಕ್ ಮುಂದಕ್ಕೆ ಜರುಗಿ, ಅದರ ಉಕ್ಕಿನ ಕೆನ್ನೆ (ಬೇರಿಂಗಿನ ಪಕ್ಕದ ಚಪ್ಪಟೆ ಮುಖ) ಕ್ಯಾಪನ್ನೂ ಬ್ಲಾಕನ್ನೂ ನೇರವಾಗಿ ತಿನ್ನುತ್ತದೆ. ಕ್ಯಾಪು ಕೆಟ್ಟರೆ ಇನ್ನೊಂದನ್ನು ಹಾಕಿಕೊಳ್ಳಲಾಗದು. ಕ್ಯಾಪು ಮತ್ತು ಬ್ಲಾಕನ್ನು ಕೂಡಿಸಿಯೇ ಬೋರ್ ಮಾಡಿರುತ್ತಾರೆ.

ಮೊದಲು ಹುಡುಕಿ. ಎಣ್ಣೆಯ ಜಿಗುಟಿಗೆ ವಾಷರ್ ಕ್ಯಾಪಿಗೋ ಕ್ರ್ಯಾಂಕಿನ ಕೆನ್ನೆಗೋ ಅಂಟಿಕೊಂಡು, ತೊಳೆಯುವಾಗ ಸೀಮೆಎಣ್ಣೆ ತೊಟ್ಟಿಗೆ ಬೀಳುತ್ತದೆ. ತೊಟ್ಟಿಯ ತಳದ ರಾಡಿಯನ್ನು ಜರಡಿ ಹಿಡಿಯದೆ ಚೆಲ್ಲಬೇಡಿ. ನಾಲ್ಕರಲ್ಲಿ ಮೂರು ಸಿಕ್ಕರೂ ಹಳೆಯ ಮೂರರ ಜೊತೆ ಹೊಸದೊಂದನ್ನು ಸೇರಿಸಬಾರದು, ನಾಲ್ಕೂ ಹೊಸದೇ ಆಗಬೇಕು.

ಮುಂದಿನದು ಅಳತೆ. ಹೆಚ್ಚಿನವರು ಇದನ್ನು ಬಿಟ್ಟು ಸೀದಾ ಅಂಗಡಿಗೆ ಹೋಗುತ್ತಾರೆ. ಕ್ರ್ಯಾಂಕ್ ಹಿಂದೆ ಯಾವಾಗಲೋ ಗ್ರೈಂಡಿಂಗ್ ಆಗಿದ್ದರೆ ಕೆನ್ನೆಯೂ ತೆಳುವಾಗಿರಬಹುದು, ಆಗ ಸ್ಟ್ಯಾಂಡರ್ಡ್ ವಾಷರ್ ಸಡಿಲವಾಗುತ್ತದೆ. ನಡುವಿನ ಜರ್ನಲಿನ (ಬೇರಿಂಗಿನೊಳಗೆ ತಿರುಗುವ ಭಾಗ) ಎರಡು ಕೆನ್ನೆಗಳ ನಡುವಿನ ಅಂತರವನ್ನು ವರ್ನಿಯರಿನ ಒಳದವಡೆಯಿಂದ ಅಳೆಯಿರಿ. ಮೂಲೆಯಲ್ಲಿ ದುಂಡಗಿನ ತಿರುವು ಇರುತ್ತದೆ; ದವಡೆ ಅದಕ್ಕೆ ತಾಗಿದರೆ ಅಳತೆ ಕಡಿಮೆ ತೋರಿಸುತ್ತದೆ, ಹಾಗಾಗಿ ವಾಷರ್ ಉಜ್ಜಿದ ಹೊಳಪಿನ ಪಟ್ಟಿಯ ಮೇಲೇ ಹಿಡಿಯಬೇಕು. ಬಳಿಕ ಕ್ಯಾಪನ್ನು ಬೋಲ್ಟ್ ಮಾಡಿ, ವಾಷರ್ ಕೂರುವ ಎರಡು ತಗ್ಗುಗಳ ನಡುವಿನ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಬ್ಲಾಕಿನ ಕಡೆಯೂ ಕ್ಯಾಪಿನ ಕಡೆಯೂ ನೋಡಿ. ಜೊತೆಗೆ ಕ್ಯಾಪೂ ಬ್ಲಾಕೂ ಕೂಡುವ ಗೆರೆಯ ಮೇಲೆ ಉಗುರು ಎಳೆಯಿರಿ. ಉಗುರು ತಡೆದರೆ ಕ್ಯಾಪು ಸರಿಯಾಗಿ ಕೂತಿಲ್ಲ, ಭಾರವೆಲ್ಲ ಒಂದೇ ತುಂಡಿನ ಮೇಲೆ ಬೀಳುತ್ತದೆ.

ಲೆಕ್ಕ ಸುಲಭ. ಕೆನ್ನೆಗಳ ಅಂತರದಲ್ಲಿ ತಗ್ಗಿನ ದಪ್ಪ ಕಳೆಯಿರಿ, ಅದರಲ್ಲಿ ಬೇಕಾದ ಪ್ಲೇ (ಕ್ರ್ಯಾಂಕ್ ಮುಂದೆ ಹಿಂದೆ ಆಡಲು ಬಿಡುವ ಸಂದು) ಕಳೆಯಿರಿ, ಉಳಿದದ್ದನ್ನು ಎರಡರಿಂದ ಭಾಗಿಸಿ. ಈ ಎಂಜಿನ್ನಿಗೆ ಪ್ಲೇ 2ರಿಂದ 3 ಥೌ (ಇಂಚಿನ ಸಾವಿರದ ಒಂದು ಪಾಲು ಒಂದು ಥೌ), ಅಂದರೆ 0.05ರಿಂದ 0.075 ಮಿ.ಮೀ. ಉದಾಹರಣೆಗೆ, ವ್ಯತ್ಯಾಸ 4.70 ಬಂದರೆ 0.06 ಕಳೆದು 4.64, ಒಂದೊಂದು ವಾಷರ್ 2.32 ಮಿ.ಮೀ. ನಿಮ್ಮ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಿ.

ಬೆಂಗಳೂರಿನವರು ಮೊದಲು ಜೆ.ಸಿ. ರಸ್ತೆ, ಆಮೇಲೆ ಶಿವಾಜಿನಗರದ ಗುಜರಿ ನೋಡಬಹುದು. ಗುಜರಿಯ ಬಳಸಿದ ವಾಷರ್ ಬೇಡ. ಕ್ರ್ಯಾಂಕೇ ಬೇಕಾದರೆ ಗುಜರಿಯಲ್ಲಿ ಹುಡುಕಿ, ವಾಷರ್ ಹೊಸದನ್ನೇ ಕೊಳ್ಳಿ. ಇದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್ ಆದ್ದರಿಂದ ಇಂಗ್ಲೆಂಡಿನಿಂದಲೂ ತರಿಸಬಹುದು. ಆದರೆ ಮೂರು ಬೇರಿಂಗಿನ ಎಂಜಿನ್ನಿನದೇ ಬೇಕೆಂದು ಸ್ಪಷ್ಟವಾಗಿ ಹೇಳಿ, ಐದು ಬೇರಿಂಗಿನ ಬಿ-ಸೀರೀಸ್ ಕೂಡ ಇದೆ. ಹೆಸರಿಲ್ಲದ ಪೊಟ್ಟಣದ ಮಾಲಿನಲ್ಲಿ ಕಿವಿ ಗಿಡ್ಡವಾಗಿರುವುದೂ ನಾಲ್ಕು ತುಂಡು ನಾಲ್ಕು ದಪ್ಪ ಇರುವುದೂ ಉಂಟು. ಕೌಂಟರಿನಲ್ಲೇ ಮೈಕ್ರೋಮೀಟರ್ ಹಿಡಿಯಿರಿ.

ವಾಷರ್ ದಪ್ಪವಾಗಿದ್ದರೆ ಉಜ್ಜಿ ತೆಳು ಮಾಡಬಹುದು. ದಪ್ಪ ಗಾಜಿನ ಮೇಲೆ 400 ನಂಬರಿನ ಎಮರಿ ಹಾಳೆ ಹಾಸಿ, ಸೀಮೆಎಣ್ಣೆ ಹನಿಸಿ, ಕನ್ನಡದ ‘೪’ ಬರೆದ ಹಾಗೆ ಕೈಯಾಡಿಸಿ. ಉಜ್ಜಬೇಕಾದದ್ದು ಉಕ್ಕಿನ ಬೆನ್ನು ಮಾತ್ರ. ಎಣ್ಣೆಯ ಗೆರೆಗಳಿರುವ ಬೇರಿಂಗ್ ಮುಖವನ್ನು ಮುಟ್ಟಬಾರದು. ಹತ್ತು ಸಲ ಉಜ್ಜಿ ಒಮ್ಮೆ ಅಳೆಯಿರಿ. ಒಂದೇ ಬದಿಯ ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ 0.01 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ತೆಳುವಾಗಿದ್ದರೆ ಓವರ್‌ಸೈಜ್ ಕೇಳಿ. ಅದೂ ಸಿಗದಿದ್ದರೆ ಫಾಸ್ಫರ್ ಬ್ರಾಂಜಿನಲ್ಲಿ ಲೇತ್ ಹಿಡಿಸಿ. ಕಿವಿಗೆ ಸಾಕಾಗುವಷ್ಟು ಅಂಚು ಉಳಿಸಿ ಉಂಗುರ ತಿರುಗಿಸಿ, ಎರಡಾಗಿ ಸೀಳಿ, ಕಿವಿಯನ್ನು ಅರದಲ್ಲಿ ರೂಪಿಸಬೇಕು. ಎಣ್ಣೆ ಗೆರೆಗಳನ್ನು ಮರೆತರೆ ಹೊಸ ವಾಷರ್ ಸುಟ್ಟುಹೋಗುತ್ತದೆ. ಹಿತ್ತಾಳೆ ತಗಡು ಕತ್ತರಿಸಿ ಹಾಕುವುದು, ವಾಷರಿನ ಹಿಂದೆ ಶಿಮ್ (ದಪ್ಪ ಸೇರಿಸುವ ತೆಳು ಹಾಳೆ) ಇಡುವುದು, ಅಂಟು ಹಚ್ಚುವುದು, ಈ ಮೂರನ್ನೂ ಯಾರು ಹೇಳಿದರೂ ಮಾಡಬೇಡಿ. ಶಿಮ್ ಪುಡಿಯಾಗಿ ಎಣ್ಣೆಗೆ ಸೇರಿ ಬೇರಿಂಗ್ ಕೆಡಿಸುತ್ತದೆ.

ಕೂರಿಸುವಾಗ ಬ್ಲಾಕ್ ತಲೆಕೆಳಗಾಗಿರಲಿ. ಕ್ರ್ಯಾಂಕ್ ಇಟ್ಟ ಮೇಲೆ ಕಿವಿಯಿಲ್ಲದ ತುಂಡುಗಳಿಗೆ ಎಣ್ಣೆ ಸವರಿ ಜರ್ನಲಿನ ಸುತ್ತ ಜಾರಿಸಿ, ತಾವಾಗಿ ತಗ್ಗಿಗೆ ಇಳಿಯುತ್ತವೆ. ಕಿವಿಯವನ್ನು ಗ್ರೀಸಿನಿಂದ ಕ್ಯಾಪಿಗೆ ಅಂಟಿಸಿ. ಎಣ್ಣೆ ಗೆರೆ ಯಾವಾಗಲೂ ಕ್ರ್ಯಾಂಕಿನ ಕೆನ್ನೆಯ ಕಡೆ. ತಿರುಗಮುರುಗ ಹಾಕಿದರೆ ಉಕ್ಕಿಗೆ ಉಕ್ಕು ಉಜ್ಜಿ ಹಾಳಾಗುತ್ತದೆ. ಕ್ಯಾಪ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ 70 ಅಡಿ-ಪೌಂಡಿಗೆ ಬಿಗಿ ಮಾಡಿ. ಕೈಯಂದಾಜು ಬೇಡ.

ಈಗ ಸ್ಕ್ರೂಡ್ರೈವರಿನಿಂದ ಕ್ರ್ಯಾಂಕನ್ನು ಒಂದು ಬದಿಗೆ ಮೀಟಿ, ಎದುರು ಬದಿಯ ಸಂದಿಗೆ ಫೀಲರ್ ಗೇಜ್ ಹಾಕಿ. 2 ಥೌ ಎಲೆ ಹೋಗಬೇಕು, 4 ಥೌ ಹೋಗಬಾರದು. ಕ್ರ್ಯಾಂಕ್ ಕೈಯಲ್ಲಿ ಹಗುರವಾಗಿ ತಿರುಗದಿದ್ದರೆ ಬಿಚ್ಚಿ ನೋಡಿ. ಓಡಿಸುತ್ತ ಓಡಿಸುತ್ತ ಸರಿಹೋಗುತ್ತದೆ ಎಂದು ಮುಂದುವರಿಯಬಾರದು.

ಗಾಡಿ 500 ಕಿ.ಮೀ. ಓಡಿದ ಮೇಲೆ ಎಂಜಿನ್ ನಿಲ್ಲಿಸಿ, ಒಬ್ಬರು ಕ್ಲಚ್ ತುಳಿದು ಬಿಡುತ್ತಿರಲಿ, ಇನ್ನೊಬ್ಬರು ಮುಂದಿನ ಕ್ರ್ಯಾಂಕ್ ಪುಲ್ಲಿ ನೋಡಲಿ. ಪುಲ್ಲಿ ಮುಂದೆ ಹಿಂದೆ ಆಡುವುದು ಬರಿಗಣ್ಣಿಗೆ ಕಂಡರೆ ಫ್ಲೈವೀಲ್ ಕಡೆಯ ವಾಷರ್ ಸವೆದಿದೆ ಎಂದರ್ಥ. ಹಾಗಿದ್ದರೆ ಗಾಡಿ ಓಡಿಸದೆ ಸಂಪ್ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ) ಇಳಿಸಿ.