ಪೋಕ್ಸೊ ಕೇಸಿನಲ್ಲಿ ಮಗುವಿನ ಜೊತೆ ನಿಲ್ಲುವುದು ಹೇಗೆ?

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಜೊತೆ ಕೇಸು ಮುಗಿಯುವ ತನಕ ಒಬ್ಬರು ಇರಬಹುದು ಅಂತ ಪೋಕ್ಸೊದಲ್ಲಿ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಕಾನೂನಿನಲ್ಲಿ ಇದೆ. ಅವರನ್ನು ಸಪೋರ್ಟ್ ಪರ್ಸನ್ ಅಥವಾ ಬೆಂಬಲ ವ್ಯಕ್ತಿ ಅನ್ನುತ್ತಾರೆ. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ.

ನೀವು ಅಂಥ ಬೆಂಬಲ ವ್ಯಕ್ತಿ ಆಗುವುದಿದ್ದರೆ ಮೊದಲು ನೀವು ಯಾರಲ್ಲ ಅಂತ ತಿಳಿದುಕೊಳ್ಳಿ. ನೀವು ವಕೀಲರಲ್ಲ, ತನಿಖೆ ಮಾಡುವವರಲ್ಲ, ಆರೋಪಿ ತಪ್ಪು ಮಾಡಿದ್ದಾನೋ ಇಲ್ಲವೋ ಅಂತ ತೀರ್ಮಾನಿಸುವವರೂ ಅಲ್ಲ. 2020ರ ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ, ಅಂದರೆ ಸಿಡಬ್ಲ್ಯುಸಿ, ಮಗು ಮತ್ತು ಪೋಷಕರ ಒಪ್ಪಿಗೆ ಪಡೆದು ನಿಮ್ಮನ್ನು ನೇಮಿಸುತ್ತದೆ. ಮಕ್ಕಳ ಹಕ್ಕುಗಳ ಬಗ್ಗೆ ಕೆಲಸ ಮಾಡುವ ಸಂಸ್ಥೆಯವರು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಿಬ್ಬಂದಿ, ಮಗು ಬಾಲಮಂದಿರದಲ್ಲಿದ್ದರೆ ಅಲ್ಲಿನ ಅಧಿಕಾರಿ, ಇವರೆಲ್ಲ ಆಗಬಹುದು. ಆಸಕ್ತಿ ಇದ್ದರೆ ಆ ಘಟಕದ ಕಚೇರಿಗೆ ಹೋಗಿ ಕೇಳಿ. ಪಟ್ಟಿ ಇಟ್ಟುಕೊಳ್ಳುವುದು ಅವರ ಕೆಲಸ.

ಮೊದಲ ಭೇಟಿಯಲ್ಲಿ "ಏನಾಯ್ತು ಹೇಳು" ಅಂತ ಕೇಳಲೇಬೇಡಿ. ಮಗು ಅದನ್ನು ಆಗಲೇ ಮನೆಯಲ್ಲಿ ಹೇಳಿರುತ್ತದೆ, ಪೊಲೀಸರಿಗೆ ಹೇಳಿರುತ್ತದೆ, ಡಾಕ್ಟರಿಗೆ, ಮ್ಯಾಜಿಸ್ಟ್ರೇಟರಿಗೆ ಹೇಳಿರುತ್ತದೆ ಅಥವಾ ಹೇಳಬೇಕಾಗಿರುತ್ತದೆ, ಕೊನೆಗೆ ಕೋರ್ಟಿನಲ್ಲಿ ಇನ್ನೊಮ್ಮೆ ಎಲ್ಲವನ್ನೂ ಹೇಳಬೇಕು. ನಿಮಗೂ ಒಂದು ಸಲ ಹೇಳಿಸಿದರೆ ಮಗುವಿಗೆ ಹಿಂಸೆ, ಜೊತೆಗೆ ಹೇಳಿಕೆಗಳ ನಡುವೆ ಇನ್ನೊಂದು ಸಣ್ಣ ವ್ಯತ್ಯಾಸ ಹುಟ್ಟುತ್ತದೆ, ಪಾಟಿ ಸವಾಲಿನಲ್ಲಿ ಆರೋಪಿ ಪರ ವಕೀಲರು ಅದನ್ನೇ ಹಿಡಿಯುತ್ತಾರೆ. ಮಗು ತಾನಾಗಿ ಹೇಳಿದರೆ ತಡೆಯಬೇಡಿ. ಸುಮ್ನೆ ಕೇಳಿಸಿಕೊಳ್ಳಿ. ಬರೆದಿಟ್ಟುಕೊಳ್ಳುವುದಿದ್ದರೆ ಮಗುವಿನ ಮಾತಿನಲ್ಲೇ ಬರೆಯಿರಿ.

ಹಾಗಾದರೆ ಮಾತಾಡುವುದು ಏನು? ಮುಂದೆ ಏನಾಗುತ್ತದೆ ಅನ್ನುವುದನ್ನು. ನನ್ನ ಪ್ರಕಾರ ಈ ಕೆಲಸದ ಮುಕ್ಕಾಲು ಪಾಲು ಇದೇ. ನಾಳೆ ಯಾರು ಬರುತ್ತಾರೆ, ಎಲ್ಲಿ ಕೂರಿಸುತ್ತಾರೆ, ಅಮ್ಮ ಜೊತೆ ಇರಬಹುದಾ ಇಲ್ವಾ, ಬೇಡ ಅನಿಸಿದರೆ ಯಾರಿಗೆ ಹೇಳಬೇಕು. "ಅವನಿಗೆ ಶಿಕ್ಷೆ ಆಗೇ ಆಗುತ್ತೆ" ಅಂತ ಮಾತ್ರ ಭರವಸೆ ಕೊಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. "ಯಾರಿಗೂ ಹೇಳಲ್ಲ" ಅಂತಲೂ ಹೇಳಬೇಡಿ. ಗೋಪ್ಯತೆ ಕಾಪಾಡುವುದು ನಿಮ್ಮ ಕರ್ತವ್ಯ ಹೌದು, ಆದರೆ ಮಗು ಇನ್ನೊಂದು ದೌರ್ಜನ್ಯದ ವಿಷಯ ಬಾಯಿಬಿಟ್ಟರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ನೀವು ಅದನ್ನು ಪೊಲೀಸರಿಗೆ ತಿಳಿಸಲೇಬೇಕು.

ಪೊಲೀಸರು ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಇಷ್ಟಪಟ್ಟ ಜಾಗದಲ್ಲೋ ಪಡೆಯಬೇಕು. ಸಮವಸ್ತ್ರ ಹಾಕಿರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಇದು 24ನೇ ಸೆಕ್ಷನ್. ಠಾಣೆಯಲ್ಲಿ ಜಗಳಕ್ಕೆ ನಿಲ್ಲುವುದಕ್ಕಿಂತ ಸೆಕ್ಷನ್ ನಂಬರ್ ಹೇಳಿ ಮೆತ್ತಗೆ ಕೇಳಿದರೆ ಕೆಲಸ ಬೇಗ ಆಗುತ್ತದೆ.

ವೈದ್ಯಕೀಯ ಪರೀಕ್ಷೆಗೆ ಎಫ್‌ಐಆರ್ ಆಗಿರಲೇಬೇಕು ಅಂತಿಲ್ಲ. ಹೆಣ್ಣುಮಗುವಾದರೆ ಮಹಿಳಾ ಡಾಕ್ಟರೇ ಮಾಡಬೇಕು, ಪೋಷಕರು ಅಥವಾ ಮಗು ನಂಬುವವರು ಜೊತೆಗಿರಬೇಕು. ಘಟನೆ ಈಗಷ್ಟೇ ಆಗಿದ್ದರೆ ಪರೀಕ್ಷೆಗೆ ಮೊದಲು ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ ಅಂತ ಮನೆಯವರಿಗೆ ಹೇಳಿ. ಆ ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ಪೇಪರಿನಲ್ಲಿ ಇರಲಿ.

ಇನ್ನು ಕೋರ್ಟು. ಸಾಕ್ಷಿ ಹೇಳುವ ದಿನವೇ ಮಗು ಮೊದಲ ಸಲ ಆ ಕೋಣೆ ನೋಡುವಂತೆ ಆಗಬಾರದು. ಮುಂಚೆಯೇ ಒಮ್ಮೆ ಕರೆದುಕೊಂಡು ಹೋಗಲು ಅನುಮತಿ ಕೇಳಿ. ಜಡ್ಜ್ ಎಲ್ಲಿ ಕೂರುತ್ತಾರೆ, ಬರೆದುಕೊಳ್ಳುವವರು ಯಾರು, ನೀರು ಎಲ್ಲಿ, ಶೌಚಾಲಯ ಎಲ್ಲಿ, ಎಲ್ಲ ತೋರಿಸಿ. ಮೂರು ಉತ್ತರಗಳನ್ನು ಹೇಳಲು ಹೆದರಬೇಕಿಲ್ಲ ಅಂತ ತಿಳಿಸಿ: ಗೊತ್ತಿಲ್ಲ, ನೆನಪಿಲ್ಲ, ಪ್ರಶ್ನೆ ಅರ್ಥವಾಗಲಿಲ್ಲ. ಅಷ್ಟೇ. ಹೀಗೆ ಹೇಳು, ಹಾಗೆ ಹೇಳು ಅಂತ ಪಾಠ ಮಾಡಲು ಹೋದರೆ ಕೇಸನ್ನು ನೀವೇ ಹಾಳು ಮಾಡಿದ ಹಾಗೆ.

ಆರೋಪಿ ಮಗುವಿನ ಕಣ್ಣಿಗೆ ಬೀಳದ ಹಾಗೆ ಪರದೆ ಅಥವಾ ವಿಡಿಯೊ ವ್ಯವಸ್ಥೆ ಮಾಡಬಹುದು, 36ನೇ ಸೆಕ್ಷನ್ ಅದಕ್ಕೇ ಇರುವುದು. ಎರಡೂ ಕಡೆಯ ವಕೀಲರು ಪ್ರಶ್ನೆಗಳನ್ನು ಜಡ್ಜ್‌ಗೆ ಕೊಡಬೇಕು, ಜಡ್ಜ್ ಮಗುವನ್ನು ಕೇಳಬೇಕು. ಮಧ್ಯೆ ಮಧ್ಯೆ ಬಿಡುವು ಸಿಗಬೇಕು. ಕೋಣೆಯೊಳಗೆ ಇಷ್ಟೆಲ್ಲ ರಕ್ಷಣೆ ಇದ್ದರೂ ಎಡವಟ್ಟಾಗುವುದು ಹೊರಗಿನ ಕಾರಿಡಾರಿನಲ್ಲಿ. ಆರೋಪಿಯ ಮನೆಯವರು ಅದೇ ಬೆಂಚಿನ ಮೇಲೆ ಕೂತಿರುತ್ತಾರೆ! ಕಾಯಲು ಬೇರೆ ಕೋಣೆ ಬೇಕು ಅಂತ ಹಿಂದಿನ ದಿನವೇ ಸರ್ಕಾರಿ ವಕೀಲರ ಹತ್ತಿರ ಮಾತಾಡಿ, ಹಾಗೆಯೇ ನಾಳೆ ಕೇಸು ನಿಜವಾಗಿ ನಡೆಯುತ್ತದಾ ಅಂತಲೂ ಕೇಳಿಕೊಳ್ಳಿ. ಕೋರ್ಟು ಕೇಸನ್ನು ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು, ವಿಚಾರಣೆ ಸಾಧ್ಯವಾದಷ್ಟು 1 ವರ್ಷದಲ್ಲಿ ಮುಗಿಯಬೇಕು ಅಂತ ಕಾನೂನು ಹೇಳುತ್ತದೆ. ಮುಂದಿನ ತಾರೀಕು, ಮುಂದಿನ ತಾರೀಕು ಅಂತ ಎಳೆದಾಡುವುದು ಇದ್ದೇ ಇದೆ. ತಾರೀಕು ಮುಂದಕ್ಕೆ ಹೋದರೆ ಮಗುವಿಗೆ ಆ ವಿಷಯ ನಿಮ್ಮಿಂದಲೇ ತಿಳಿಯಲಿ.

ಮನೆಯವರ ವಿಷಯ ಕೋರ್ಟಿಗಿಂತ ಕಷ್ಟ. ಆರೋಪಿ ಬಹಳ ಸಲ ಗೊತ್ತಿದ್ದವನೇ ಆಗಿರುತ್ತಾನೆ, ಕೆಲವು ಕಡೆ ಮನೆ ನಡೆಸುವವನೇ ಆಗಿರುತ್ತಾನೆ. ಆಗ ತಾಯಿ ಒಂದು ದಿನ ಕೇಸು ನಡೆಸೋಣ ಅನ್ನುತ್ತಾಳೆ, ಮರುದಿನ ಬೇಡ ಅನ್ನುತ್ತಾಳೆ. ಬೈಯಬೇಡಿ. ಅವಳ ಮೇಲೆ ಯಾರು ಒತ್ತಡ ಹಾಕುತ್ತಿದ್ದಾರೆ, ತಿಂಗಳ ಖರ್ಚು ಹೇಗೆ ನಡೆಯುತ್ತಿದೆ ಅಂತ ಕೇಳಿ. ರಾಜಿ ಮಾಡಿಸುತ್ತೇವೆ ಅಂತ ಹಿರಿಯರು ಬಂದರೆ ಇದು ರಾಜಿಯಾಗುವ ಅಪರಾಧವಲ್ಲ ಅಂತ ನೇರವಾಗಿ ಹೇಳಿ. ರಾಜಿಯ ಆಧಾರದ ಮೇಲೆ ಹೈಕೋರ್ಟ್ ರದ್ದು ಮಾಡಿದ್ದ ಒಂದು ಪೋಕ್ಸೊ ಕೇಸಿಗೆ ಸುಪ್ರೀಂ ಕೋರ್ಟ್ 2024ರಲ್ಲಿ ಮತ್ತೆ ಜೀವ ಕೊಟ್ಟಿದೆ. ಬೆದರಿಕೆ ಬಂದಿದ್ದರೆ ಬರವಣಿಗೆಯಲ್ಲೇ ಪೊಲೀಸರಿಗೆ ಮತ್ತು ಸಿಡಬ್ಲ್ಯುಸಿಗೆ ಕೊಡಿಸಿ.

ದುಡ್ಡಿನ ವಿಷಯ ಕೇಳಲು ಜನ ಸಂಕೋಚಪಡುತ್ತಾರೆ, ನೀವೇ ಎತ್ತಿ. ಊಟ, ಬಟ್ಟೆ, ಓಡಾಟದಂಥ ತುರ್ತು ಖರ್ಚಿಗೆ 2020ರ ಪೋಕ್ಸೊ ನಿಯಮಗಳಲ್ಲಿನ 8ನೇ ನಿಯಮದಡಿ ಸಿಡಬ್ಲ್ಯುಸಿ ಶಿಫಾರಸು ಮಾಡಬಹುದು, ಶಿಫಾರಸು ತಲುಪಿದ 1 ವಾರದಲ್ಲಿ ಹಣ ಬರಬೇಕು. 9ನೇ ನಿಯಮದಲ್ಲಿ ಮಧ್ಯಂತರ ಪರಿಹಾರ ಇದೆ. ತೀರ್ಪು ಬರುವ ತನಕ ಅದಕ್ಕೆ ಕಾಯಬೇಕಿಲ್ಲ. ಅರ್ಜಿ ಬರೆಯಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಪಾಸ್‌ಬುಕ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ಶಾಲೆಗೆ ತಿಳಿಸಲೇಬೇಕಾದರೆ ಒಬ್ಬರಿಗೆ ಮಾತ್ರ, ಬೇಕಾದಷ್ಟು ಮಾತ್ರ. ಹೆಸರು, ಫೋಟೊ, ಮನೆ, ಶಾಲೆ ಯಾವುದೂ ವಾಟ್ಸಾಪ್‌ಗೆ ಹೋಗಬಾರದು. ನಿಮ್ಮ ಸಂಸ್ಥೆಯ ಗ್ರೂಪಿಗೂ ಬೇಡ.

ಮಗು ಮತ್ತು ಮನೆಯವರು ನೀವು ಬೇಡ ಅಂದರೆ ಬಿಡಬೇಕು, ಮಗು ಕಾರಣ ಕೊಡಬೇಕಿಲ್ಲ. ನೀವಾಗಿಯೇ ಬಿಡುವುದಿದ್ದರೆ ಹಾಗೇ ಮಾಯವಾಗಬೇಡಿ. ಹೊಸಬರನ್ನು ನೇಮಿಸಲು ಸಿಡಬ್ಲ್ಯುಸಿಗೆ ಮೊದಲೇ ಪತ್ರ ಕೊಡಿ, ಅವರನ್ನು ಜೊತೆಗೆ ಕರೆದುಕೊಂಡು ಹೋಗಿ ಮಗುವಿಗೆ ಪರಿಚಯ ಮಾಡಿಸಿ, ಮುಂದಿನ ತಾರೀಕು ಇರುವ ಡೈರಿಯನ್ನು ಅವರ ಕೈಗೆ ಕೊಟ್ಟು ಬನ್ನಿ.