ಇಬ್ಬರು ನಟರ ದೆವ್ವದ ನಾಟಕ: ತೆಳು ಪರದೆಯ ಕೆಲಸ

ಭಾರಿ ಸೆಟ್ ಹಾಕದೆಯೂ ದೆವ್ವದ ನಾಟಕ ದಶಕಗಟ್ಟಲೆ ಓಡಬಲ್ಲದು. ಸೂಸನ್ ಹಿಲ್ ಕಾದಂಬರಿಯಿಂದ ಸ್ಟೀಫನ್ ಮಲ್ಲಾಟ್ರಾಟ್ ರೂಪಿಸಿದ 'ದಿ ವುಮನ್ ಇನ್ ಬ್ಲ್ಯಾಕ್' 1987ರಲ್ಲಿ ಇಂಗ್ಲೆಂಡಿನ ಸ್ಕಾರ್ಬರೋದಲ್ಲಿ ಶುರುವಾಯಿತು. ಲಂಡನ್ನಿನ ಫಾರ್ಚೂನ್ ಥಿಯೇಟರಿನಲ್ಲಿ ಅದು 1989ರಿಂದ 2023ರವರೆಗೂ ನಡೆಯಿತು. ಮಾತಾಡುವ ನಟರು ಇಬ್ಬರೇ, ದೆವ್ವವಾಗಿ ಬರುವ ನಟಿಗೆ ಮಾತಿಲ್ಲ. ಒಂದು ಬೆತ್ತದ ಪೆಟ್ಟಿಗೆಯೇ ಕುದುರೆಗಾಡಿಯೂ ಆಗುತ್ತದೆ. ಆ ಕೃತಿಯನ್ನೇ ಕನ್ನಡಕ್ಕೆ ತರುವುದಾದರೆ ಮೊದಲು ಹಕ್ಕುದಾರರ ಅನುಮತಿ ಪಡೆಯಿರಿ. ಅದರ ತಂತ್ರವಂತೂ ಮುಂಬಯಿಯ ಯಾವ ಕನ್ನಡ ತಂಡದ ಕೈಗೂ ಎಟುಕುವಂಥದ್ದು.

ಎಲ್ಲಕ್ಕೂ ಜೀವಾಳ ತೆಳು ಪರದೆ. ಮುಂದಿನಿಂದ ಬೆಳಕು ಬಿದ್ದರೆ ಅದು ಗೋಡೆ, ಹಿಂದಿನದನ್ನು ಬೆಳಗಿದರೆ ಆಚೆಯದನ್ನು ತೋರುವ ಮಂಜು. ಮಂಗಳದಾಸ್ ಮಾರ್ಕೆಟ್ಟಿನಲ್ಲಿ ನೆಟ್ ಬಟ್ಟೆ ಆರಿಸುವಾಗ ಬೂದು ಬಣ್ಣದ, ಹೊಳಪಿಲ್ಲದ ಹತ್ತಿಯದನ್ನು ಹುಡುಕಿ. ನೈಲಾನ್ ಆದರೆ ದೀಪ ಬಿದ್ದಲ್ಲೆಲ್ಲ ಮಿನುಗಿ ಗುಟ್ಟು ಬಿಟ್ಟುಕೊಡುತ್ತದೆ. ಎರಡು ಪನ್ನ ಜೋಡಿಸಿದರೆ ಹೊಲಿಗೆ ಗೆರೆಯಾಗಿ ಕಾಣುತ್ತದೆ. ಅದು ಬಾಗಿಲ ಚೌಕಟ್ಟಿನ ಹಿಂದೆ ಬರುವಂತೆ ಅಳತೆ ನೋಡಿಕೊಳ್ಳಿ. ಕೆಳ ಅಂಚಿಗೆ ತೆಳ್ಳನೆ ಪೈಪು ತೂರಿಸಿ, ಇಲ್ಲದಿದ್ದರೆ ಸಭಾಂಗಣದ ಫ್ಯಾನಿಗೇ ನಿಮ್ಮ ಗೋಡೆ ತೂಗಾಡುತ್ತದೆ.

ಹೆಚ್ಚಿನ ತಂಡಗಳು ಎಡವುವುದು ಮುಂದಿನ ದೀಪದಲ್ಲಿ. ನೇರವಾಗಿ ಎದುರಿನಿಂದ ಬಿಟ್ಟರೆ ಬೆಳಕು ನೆಟ್ಟನ್ನು ದಾಟಿ ಹಿಂದೆ ನಿಂತವಳ ಮೇಲೇ ಬೀಳುತ್ತದೆ, ಬರುವ ಮೊದಲೇ ದೆವ್ವ ಕಾಣುತ್ತದೆ. ಸ್ಪಾಟುಗಳನ್ನು ಮೇಲಿನಿಂದ, ಪಕ್ಕದಿಂದ, ಬಟ್ಟೆಯನ್ನು ಸವರಿಕೊಂಡು ಹೋಗುವಷ್ಟು ಓರೆಯಾಗಿ ಕಟ್ಟಿ. ಪರದೆಗೂ ನಟಿಗೂ ನಾಲ್ಕೈದು ಅಡಿ ಅಂತರವಿರಲಿ, ಅವಳ ಬೆನ್ನಿಗೆ ಕಪ್ಪು ಬಟ್ಟೆ. ಕಪ್ಪಿನ ಮುಂದೆ ಕಪ್ಪು ಉಡುಪು ಪೂರ್ತಿ ಕರಗಿ ಬರೀ ಮುಖ ತೇಲುತ್ತದೆ. ಅದು ಸಾಲದೆನಿಸಿದರೆ ರಂಗದ ಪಕ್ಕದ ಮರೆಯಾದ ವಿಂಗ್‌ನಿಂದ ಭುಜದ ಅಂಚಿಗೆ ಒಂದು ಸಣ್ಣ ದೀಪ ಕೊಡಿ. ಹಿಂದಿನ ದೀಪದ ಬೆಳಕನ್ನು ಡಿಮ್ಮರಿನಿಂದ ಐದು ಸೆಕೆಂಡಿನಲ್ಲಿ ನಿಧಾನಕ್ಕೆ ಏರಿಸಿ, ಇಳಿಸುವಾಗ ತಟ್ಟನೆ ಇಳಿಸಿ. ನೋಡಿದ್ದು ನಿಜವೇ ಎಂದು ಪ್ರೇಕ್ಷಕರು ಪಕ್ಕದವರ ಕಡೆ ತಿರುಗಬೇಕು, ಅಷ್ಟೇ ಹೊತ್ತು ಸಾಕು.

ಗೊರಸಿನ ಸದ್ದು ಕೊನೆಯ ಸಾಲಿನ ಹಿಂದಿರುವ ಸ್ಪೀಕರಿನಲ್ಲಿ ಹುಟ್ಟಿ ರಂಗದ ಕಡೆ ಸರಿಯಲಿ. ಚೀರಾಟಕ್ಕೆ ಮುಂಚೆ ಮೂರ್ನಾಲ್ಕು ಸೆಕೆಂಡು ಪೂರ್ತಿ ಮೌನ ಬೇಕು. ಇಡೀ ಪ್ರಯೋಗದಲ್ಲಿ ಚೀರಾಟ ಎರಡೇ ಸಲ ಇರಲಿ, ಮೂರನೆಯದಕ್ಕೆ ಯಾರೂ ಬೆಚ್ಚುವುದಿಲ್ಲ. ಜನ ತುಂಬಿದ ಸಭಾಂಗಣ ಸದ್ದನ್ನು ಹೀರಿಕೊಳ್ಳುವುದರಿಂದ ಖಾಲಿಯಲ್ಲಿ ಹೊಂದಿಸಿದ ಮಟ್ಟ ಪ್ರಯೋಗದ ದಿನ ಕಡಿಮೆ ಬೀಳುತ್ತದೆ. ಮಾಟುಂಗದಂಥ ಕಡೆ ಆಡುವುದಾದರೆ ತಾಲೀಮನ್ನು ಪ್ರಯೋಗದ ಹೊತ್ತಿಗೇ ಮಾಡಿ, ಲೋಕಲ್ ರೈಲಿನ ಸದ್ದು ಎಷ್ಟು ಒಳಬರುತ್ತದೆಂದು ಗೊತ್ತಾಗುತ್ತದೆ.

ನಿರ್ಗಮನದ ದೀಪಗಳನ್ನು ಎಂದೂ ಮುಚ್ಚಬೇಡಿ. ಅವುಗಳ ಬೆಳಕಿದ್ದೂ ಕತ್ತಲೆ ದಟ್ಟವಾಗಲು ವಿಂಗ್‌ಗಳಿಗೆ ಕಪ್ಪು ಬಟ್ಟೆ ಸುತ್ತಿ, ನೇಪಥ್ಯದ ಮೊಬೈಲುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಸಿ. ಮೆಟ್ಟಿಲಂಚಿಗೆ, ಪೆಟ್ಟಿಗೆಯ ಮೂಲೆಗೆ ಕತ್ತಲಲ್ಲಿ ಹೊಳೆಯುವ ಟೇಪಿನ ಚಿಕ್ಕ ತುಂಡು ಅಂಟಿಸಿ, ಪ್ರೇಕ್ಷಕರಿಗೆ ಕಾಣದ ಬದಿಗೆ. ಹೊಗೆ ಯಂತ್ರ ಬಳಸುವುದಾದರೆ ಸಭಾಂಗಣದವರಿಗೆ ಮುಂಚಿತವಾಗಿ ತಿಳಿಸಿ, ಇಲ್ಲವಾದರೆ ಅಲಾರಂ ಹೊಡೆದುಕೊಳ್ಳುತ್ತದೆ.

ಹಸ್ತಪ್ರತಿಯನ್ನು, ನಾಟಕಗಳನ್ನು ಪರಿಶೀಲಿಸುವ ಮಹಾರಾಷ್ಟ್ರದ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಕ್ಕೆ ಸಾಕಷ್ಟು ಮೊದಲೇ ಕೊಡಿ, ಪ್ರಮಾಣಪತ್ರ ಕೈಗೆ ಬರುವವರೆಗೆ ಟಿಕೆಟ್ ಅಚ್ಚಿಗೆ ಹೋಗದಿರಲಿ. ಕರಪತ್ರದಲ್ಲಿ ಇಬ್ಬರು ನಟರ ಹೆಸರು ಮಾತ್ರ ಹಾಕಿಸಿ. ಮೂರನೆಯ ಹೆಸರು ಕಂಡರೆ ಜನ ಆರಂಭದಿಂದಲೇ ಅವಳನ್ನು ಕಾಯುತ್ತಾ ಕೂರುತ್ತಾರೆ.